'ಹೆಚ್ಚುವರಿ' ಅನುದಾನವೋ, 'ಪೂರಕ' ಅನುದಾನವೋ?

ಈಗಾಗಲೇ ಮಂಜೂರಾಗಿ ನಡೆಯುತ್ತಿರುವ ವೈದ್ಯಕೀಯ ಸಂಶೋಧನೆಯೊಂದಕ್ಕೆ ನಡುವೆ ಮತ್ತಷ್ಟು ಹಣ ಕೋರುವ ಕ್ರಮವನ್ನು ಕನ್ನಡದಲ್ಲಿ ವಿವರಿಸಬೇಕಾಗಿದೆ. ವೈದ್ಯಕೀಯ ಸಂಶೋಧನೆಗೆ ಹಣ ನೀಡುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್, ಅಂದರೆ ಎನ್‌ಐಎಚ್, ಅನುಸರಿಸುವ ಪದ್ಧತಿಯನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಹೀಗೆ ನಡುವೆ ಕೋರುವ ಹಣಕ್ಕೆ ಅಲ್ಲಿರುವ 'ಸಪ್ಲಿಮೆಂಟ್' ಎಂಬ ಹೆಸರಿಗೆ 'ಹೆಚ್ಚುವರಿ ಅನುದಾನ' ಮತ್ತು 'ಪೂರಕ ಅನುದಾನ' ಎಂಬ ಎರಡು ರೂಪಗಳು ಕೈಗೆ ಸಿಗುತ್ತವೆ. ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದು ನನ್ನ ಮೊದಲ ಪ್ರಶ್ನೆ.

ಪದವನ್ನು ತೂಗುವ ಮೊದಲು ವ್ಯವಹಾರವನ್ನು ಹೇಳಬೇಕು. ಸಂಶೋಧನೆಗೆ ಒಪ್ಪಿಗೆ ಸಿಕ್ಕಾಗ ಇದ್ದ ಉದ್ದೇಶಗಳು ಹಾಗೆಯೇ ಇದ್ದು, ಯೋಜನೆ ರೂಪಿಸುವಾಗ ಊಹಿಸಿರದ ಖರ್ಚೊಂದು ಎದುರಾದಾಗ ಕೇಳುವುದು 'ಅಡ್ಮಿನಿಸ್ಟ್ರೇಟಿವ್ ಸಪ್ಲಿಮೆಂಟ್'. ಇದು ಹೊರಗಿನ ತಜ್ಞರ ಸಮಿತಿಯ ಮುಂದೆ ಹೋಗುವುದಿಲ್ಲ. ಮೂಲ ಅನುದಾನ ನೀಡಿದ ಸಂಸ್ಥೆಯ ಸಿಬ್ಬಂದಿಯೇ ಪರಿಶೀಲಿಸಿ ತೀರ್ಮಾನಿಸುತ್ತಾರೆ. ಆದ್ದರಿಂದಲೇ ಅರ್ಜಿ ಬರೆಯುವ ಮೊದಲು ಆ ಸಂಸ್ಥೆಯಲ್ಲಿ ಅನುದಾನದ ಉಸ್ತುವಾರಿ ನೋಡುವ ಕಾರ್ಯಕ್ರಮಾಧಿಕಾರಿಯೊಂದಿಗೆ ಮಾತನಾಡುವುದು ವಾಡಿಕೆ. ಉದ್ದೇಶಗಳನ್ನೇ ಹಿಗ್ಗಿಸಿ ಹೊಸ ಪ್ರಶ್ನೆಯೊಂದನ್ನು ಸೇರಿಸುವುದಾದರೆ ಅದು 'ಕಾಂಪಿಟಿಂಗ್ ರಿವಿಷನ್' ಆಗುತ್ತದೆ ಮತ್ತು ಹೊಸ ಅರ್ಜಿಯಂತೆಯೇ ತಜ್ಞರ ವಿಮರ್ಶೆಗೆ ಒಳಗಾಗುತ್ತದೆ. ಎರಡಕ್ಕೂ ಮೂಲ ಅನುದಾನ ಚಾಲ್ತಿಯಲ್ಲಿರಬೇಕು, ಕೇಳಿದ ಹಣದ ಕೆಲಸ ಅದರ ಅವಧಿಯೊಳಗೇ ಮುಗಿಯಬೇಕು. ಹೊಸ ಅರ್ಜಿಯ ಸಂಖ್ಯೆ 1ರಿಂದಲೂ ನವೀಕರಣದ್ದು 2ರಿಂದಲೂ ಆರಂಭವಾದರೆ, ಈ ಎರಡು ಬಗೆಯವೂ 3ರಿಂದ ಆರಂಭವಾಗುತ್ತವೆ. ಉಳಿದ ಸಂಖ್ಯೆ ಮೂಲ ಅನುದಾನದ್ದೇ. ಅಂದರೆ ಈ ಹಣಕ್ಕೆ ಸ್ವತಂತ್ರ ಅಸ್ತಿತ್ವವಿಲ್ಲ, ಅದು ಮೂಲಕ್ಕೆ ಅಂಟಿಕೊಂಡೇ ಇರುತ್ತದೆ.

ಈ ಅಂಟಿಕೊಂಡಿರುವ ಗುಣವನ್ನು 'ಹೆಚ್ಚುವರಿ' ಹೇಳಲಾರದು ಎಂಬುದು ನನ್ನ ಅನಿಸಿಕೆ. 'ಹೆಚ್ಚುವರಿ ಜಿಲ್ಲಾಧಿಕಾರಿ' ಎಂದಾಗ ಇನ್ನೊಬ್ಬರು ಇದ್ದಾರೆ ಎಂದು ಅರ್ಥವಾದರೆ, 'ಹೆಚ್ಚುವರಿ ಶಿಕ್ಷಕರು' ಎಂದಾಗ ಅಗತ್ಯಕ್ಕಿಂತ ಜಾಸ್ತಿ ಇದ್ದಾರೆ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಹಣ ಸಾಲದು ಎಂದು ಬೇಡುವವರ ಅರ್ಜಿಯ ಶೀರ್ಷಿಕೆಯಲ್ಲೇ ಮಿಗತೆಯ ಧ್ವನಿ ಇರುವುದು ವಿಚಿತ್ರ. 'ಪೂರಕ'ದಲ್ಲಾದರೋ ತುಂಬಿಸುವ ಅರ್ಥವಿದೆ, ತುಂಬಿಸಿಕೊಳ್ಳುವ ವಸ್ತು ಮೊದಲೇ ಇರಬೇಕೆಂಬ ಸೂಚನೆಯೂ ಇದೆ. ಭಾರತದ ಸಂವಿಧಾನದ 115ನೆಯ ಅನುಚ್ಛೇದ, ರಾಜ್ಯಗಳ ಮಟ್ಟಿಗೆ 205ನೆಯದು, ಪೂರಕ, ಹೆಚ್ಚುವರಿ, ಅಧಿಕ ಎಂಬ ಮೂರು ಬಗೆಯ ಅನುದಾನಗಳನ್ನು ಒಟ್ಟಿಗೆ ಹೇಳುತ್ತದೆ: ಮಂಜೂರಾದ ಮೊತ್ತ ಸಾಲದಿರುವುದು, ಮುಂಗಡಪತ್ರದಲ್ಲಿ ಎಣಿಸಿರದ ಹೊಸ ಬಾಬ್ತು ಹುಟ್ಟಿಕೊಳ್ಳುವುದು, ಮಿತಿ ಮೀರಿ ಖರ್ಚಾಗಿಬಿಟ್ಟಿರುವುದು ಎಂಬ ಸಂದರ್ಭಗಳು ಅಲ್ಲಿವೆ. ಮೊದಲೆರಡು ಸಂದರ್ಭಗಳು ಎನ್‌ಐಎಚ್‌ನ ಎರಡು ಬಗೆಗಳಿಗೆ ತಕ್ಕಮಟ್ಟಿಗೆ ಹತ್ತಿರವಾಗಿವೆ. ಆದರೂ ವಿಧಾನಮಂಡಲದಲ್ಲಿ ಮಂಡನೆಯಾಗುವುದನ್ನು ನಾವು 'ಪೂರಕ ಅಂದಾಜು' ಎಂದೇ ಕರೆಯುತ್ತೇವೆ. ಹಾಗಾಗಿ 'ಪೂರಕ ಅನುದಾನ'ವನ್ನು ಸಾಮಾನ್ಯ ಹೆಸರಾಗಿಟ್ಟು, ಬಗೆಯನ್ನು ವಿಶೇಷಣದಿಂದ ತೋರಿಸುವುದು ಸರಿಯೆನಿಸುತ್ತದೆ. (ಪತ್ರಿಕೆಗಳ 'ಪುರವಣಿ' ಸೊಗಸಾದ ಪದವೇ ಹೌದು, ಆದರೆ ಹಣಕ್ಕೆ ಅದು ಒಗ್ಗುವುದಿಲ್ಲ.)

ತೊಡಕು ಇರುವುದು ಆ ವಿಶೇಷಣದಲ್ಲಿಯೇ. 'ಆಡಳಿತಾತ್ಮಕ ಪೂರಕ ಅನುದಾನ' ಎಂದು ಬರೆದರೆ ಕಚೇರಿಯ ಆಡಳಿತ ವೆಚ್ಚಕ್ಕೆ ಕೊಟ್ಟ ಹಣ ಎಂದು ಓದುಗರು ತಿಳಿಯುವುದು ಸಹಜ. ಇಲ್ಲಿ ಆಡಳಿತವೆಂಬುದು ತೀರ್ಮಾನವಾಗುವ ಹಂತವನ್ನು ಹೇಳುತ್ತದೆಯೇ ಹೊರತು ಖರ್ಚಾಗುವ ಬಾಬ್ತನ್ನಲ್ಲ. ಅದಕ್ಕಾಗಿ 'ಆಡಳಿತ ಹಂತದ ಪೂರಕ ಅನುದಾನ' ಎಂದು ಬಿಡಿಸಿ ಬರೆಯುತ್ತಿದ್ದೇನೆ. 'ರಿವಿಷನ್' ಕೂಡ ಮೋಸಗೊಳಿಸುವ ಪದ. 'ಪರಿಷ್ಕರಣೆ' ಎಂದರೆ ತಿರಸ್ಕೃತವಾದ ಅರ್ಜಿಯನ್ನು ತಿದ್ದಿ ಮತ್ತೆ ಕಳುಹಿಸಿದಂತೆ ಕೇಳಿಸುತ್ತದೆ, ಆದರೆ ಎನ್‌ಐಎಚ್‌ನಲ್ಲಿ ಹಾಗೆ ಕಳುಹಿಸುವುದಕ್ಕೆ 'ರೀಸಬ್ಮಿಷನ್' ಎಂಬ ಬೇರೆ ಹೆಸರೇ ಇದೆ. ಅದನ್ನು 'ಮರುಸಲ್ಲಿಕೆ' ಎನ್ನಬಹುದು. 'ಕಾಂಪಿಟಿಂಗ್ ರಿವಿಷನ್'ಗೆ 'ವ್ಯಾಪ್ತಿ ವಿಸ್ತರಣೆಯ ಪೂರಕ ಅನುದಾನ' ಎಂದಿಟ್ಟಿದ್ದೇನೆ. ಇದರಲ್ಲಿ ಸ್ಪರ್ಧೆಯ ಅಂಶ ಬಿಟ್ಟುಹೋಗುತ್ತದೆ ಎಂಬ ಆಕ್ಷೇಪ ಬರಬಹುದು. ಅರ್ಜಿದಾರರಿಗೆ ಮೊದಲು ತಿಳಿಯಬೇಕಾದದ್ದು ತಮ್ಮ ಕೋರಿಕೆ ಮೂಲ ವ್ಯಾಪ್ತಿಯ ಒಳಗಿದೆಯೋ ಹೊರಗಿದೆಯೋ ಎಂಬುದಾದ್ದರಿಂದ ಆ ನಷ್ಟವನ್ನು ಸಹಿಸಿಕೊಳ್ಳಬಹುದೆಂದು ನನ್ನ ಎಣಿಕೆ.

'ಪೇರೆಂಟ್ ಗ್ರಾಂಟ್'ಗೆ 'ಮೂಲ ಅನುದಾನ' ಸಾಕು, 'ಮಾತೃ ಅನುದಾನ' ಬೇಕಿಲ್ಲ.

ಉಳಿದದ್ದು 'ನೋ ಕಾಸ್ಟ್ ಎಕ್ಸ್‌ಟೆನ್ಷನ್'. ಹೊಸ ಹಣ ಕೊಡದೆ ಅವಧಿಯನ್ನಷ್ಟೇ ಮುಂದಕ್ಕೆ ಹಾಕುವ ಈ ಕ್ರಮವನ್ನು 'ವೆಚ್ಚರಹಿತ ವಿಸ್ತರಣೆ' ಎನ್ನಲು ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ಉಳಿದಿರುವ ಹಣ ಆ ಅವಧಿಯಲ್ಲಿ ವೆಚ್ಚವಾಗುತ್ತಲೇ ಇರುತ್ತದೆ. 'ಅನುದಾನರಹಿತ' ಎಂಬುದಕ್ಕೆ ಶಾಲೆಗಳ ಸಂದರ್ಭದಲ್ಲಿ ಬೇರೆಯೇ ಅರ್ಥ ಗಟ್ಟಿಯಾಗಿದೆ. 'ಹೊಸ ಹಣವಿಲ್ಲದ ಅವಧಿ ವಿಸ್ತರಣೆ' ಎಂಬುದು ಅರ್ಥದಲ್ಲಿ ಸರಿ, ಪಾರಿಭಾಷಿಕ ಪದವಾಗಲು ಉದ್ದವಾಯಿತು. ಲೆಕ್ಕಪತ್ರ ಅಥವಾ ಸಂಶೋಧನಾ ಆಡಳಿತದಲ್ಲಿ ಕೆಲಸ ಮಾಡಿದವರು ಇದಕ್ಕೆ ಇದಕ್ಕಿಂತ ಚಿಕ್ಕ ಪದವನ್ನು ಬಳಸಿದ್ದಾರೆಯೇ?