‘ಪ್ಲಾಂಟೇನ್’ ಇಲ್ಲಿ ಬಾಳೆಯಲ್ಲ: ಸಾಕು ಆಮೆಯ ಮೇವಿನ ಪಟ್ಟಿಯಲ್ಲಿ ಯಾವ ಹೆಸರು ಬಳಸೋಣ?

ಮಾನ್ಯರೇ,

ಸಾಕಿದ ನೆಲಾಮೆಗಳಿಗೆ ಯಾವ ಕಾಡುಗಿಡಗಳನ್ನು ತಿನ್ನಿಸಬಹುದು ಎಂಬ ಪಟ್ಟಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಎದುರಾದ ಪದವೊಂದರ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ‘ನೆಲಾಮೆ’ ಎಂದೇ ಬರೆದಿದ್ದೇನೆ, ಏಕೆಂದರೆ ಬರಿಯ ‘ಆಮೆ’ ಎಂದರೆ ಮೀನು ಹುಳುಗಳನ್ನೂ ತಿನ್ನುವ ನೀರಾಮೆಯೂ ಅದರಲ್ಲಿ ಸೇರಿಬಿಡುತ್ತದೆ.

ಇಂಥ ಪಟ್ಟಿಗಳಲ್ಲಿ ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಕಳೆಗಿಡದ ಜೊತೆಗೇ ಬರುವ ಹೆಸರು ‘ಪ್ಲಾಂಟೇನ್’. ಇಂಗ್ಲಿಷಿನಲ್ಲಿ ಒಂದು ಬಗೆಯ ಬಾಳೆಗೂ ಇದೇ ಹೆಸರಿರುವುದರಿಂದ ಇದನ್ನು ‘ಬಾಳೆ’ ಎಂದು ಅನುವಾದಿಸುವುದು ಸುಲಭ, ಆದರೆ ಇಲ್ಲಿ ಹೇಳುತ್ತಿರುವುದು ಪ್ಲಾಂಟಾಗೊ ಕುಲದ ಪುಟ್ಟ ಕಳೆಗಿಡವನ್ನು. ಇಸಬಗೋಲು ಕೂಡ ಇದೇ ಕುಲದ್ದು. ಅಗಲ ಎಲೆಯ ಜಾತಿಯಲ್ಲಿ ಎಲೆಗಳು ಬುಡದಿಂದಲೇ ಹೊರಟು ನೆಲಕ್ಕೆ ಒರಗಿಕೊಂಡು ಸುತ್ತಲೂ ಹರಡಿರುತ್ತವೆ, ಪ್ರತಿ ಎಲೆಯಲ್ಲೂ ತೊಟ್ಟಿನಿಂದ ತುದಿಯವರೆಗೆ 5ರಿಂದ 9 ನರಗಳು ಎದ್ದು ಕಾಣುತ್ತವೆ, ಎಲೆಯನ್ನು ಹರಿದರೆ ಆ ನರಗಳು ನೂಲಿನಂತೆ ಹೊರಗೆ ಉಳಿಯುತ್ತವೆ. ಹೂವು ಎಲೆಯಿಲ್ಲದ ದಂಟಿನ ಮೇಲೆ ತೆನೆಯಾಗಿ ಬರುತ್ತದೆ.

ಪದ ತಪ್ಪಿದರೆ ಪೆಟ್ಟು ಬೀಳುವುದು ಪ್ರಾಣಿಗೆ. ಹರ್ಮನ್ ಆಮೆ, ಗ್ರೀಕ್ ಆಮೆಗಳಂಥ ನೆಲಾಮೆಗಳ ಕರುಳು ನಾರು ಹೆಚ್ಚಿರುವ, ಸಕ್ಕರೆ ಕಡಿಮೆಯಿರುವ ಸೊಪ್ಪಿಗೆ ಹೊಂದಿಕೊಂಡಿದೆ. ‘ಬಾಳೆ’ ಎಂದು ಓದಿ ದಿನವೂ ಹಣ್ಣು ಕೊಟ್ಟರೆ ಜೀರ್ಣಕ್ರಿಯೆ ಕೆಡುತ್ತದೆ. ಚಿಪ್ಪು ಮೂಳೆಗಳಿಗೆ ರಂಜಕಕ್ಕಿಂತ ಸುಣ್ಣದಂಶ ಹೆಚ್ಚಿರುವ ಮೇವು ಬೇಕು, ಬಾಳೆಹಣ್ಣಿನಲ್ಲಿ ಅದು ತಿರುವುಮುರುವಾಗಿದೆ.

ಎರಡನೆಯ ತೊಡಕು ಗುರುತಿನ ಮಾತುಗಳದ್ದು. ‘ಹಾಲು ಬರುವ ಗಿಡ ವಿಷ’ ಎಂದು ಒಂದೇ ಮಾತಿನಲ್ಲಿ ಬರೆದರೆ ಡ್ಯಾಂಡೆಲಿಯನ್ ಕೂಡ ಹೊರಗಾಗುತ್ತದೆ, ಏಕೆಂದರೆ ಅದರ ದಂಟನ್ನು ಮುರಿದರೂ ಹಾಲು ಬರುತ್ತದೆ. ಆದರೆ ಪಟ್ಟಿಯ ಇನ್ನೊಂದು ಗಿಡವಾದ ಗೋಣಿಸೊಪ್ಪನ್ನು (ಇಂಗ್ಲಿಷಿನ ‘ಪರ್ಸ್‌ಲೇನ್’) ಬೇರ್ಪಡಿಸುವಾಗ ಇದೇ ಲಕ್ಷಣ ಬಹಳ ಉಪಯುಕ್ತ: ಅದರಂತೆಯೇ ನೆಲದ ಮೇಲೆ ಹಬ್ಬುವ ಯೂಫೋರ್ಬಿಯಾ ಕಳೆಯ ಕಾಂಡ ತೆಳ್ಳಗಿದ್ದು ಮುರಿದಾಗ ಬಿಳಿಯ, ಉರಿ ತರುವ ಹಾಲು ಒಸರುತ್ತದೆ, ಗೋಣಿಸೊಪ್ಪಿನ ರಸಭರಿತ ದಪ್ಪ ಕಾಂಡದಿಂದ ಬರುವುದು ತಿಳಿನೀರು ಮಾತ್ರ. ಹಾಗೆಂದು ಗೋಣಿಸೊಪ್ಪಿನ ಮುಂದೆ ‘ಸುರಕ್ಷಿತ’ ಎಂದಷ್ಟೇ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಅದರಲ್ಲಿರುವ ಆಕ್ಸಲೇಟ್ ಎಂಬ ರಾಸಾಯನಿಕ ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ ‘ಆಗೊಮ್ಮೆ ಈಗೊಮ್ಮೆ, ಸ್ವಲ್ಪ’ ಎಂಬ ಮಾತು ಜೊತೆಗಿರಬೇಕು. ಕಳೆನಾಶಕ ಬಿದ್ದ ಜಾಗದಲ್ಲಿ ಬೆಳೆದದ್ದಾದರೆ ಯಾವ ಗಿಡವೂ ಸುರಕ್ಷಿತವಲ್ಲ. ಆದ್ದರಿಂದ ‘ಸುರಕ್ಷಿತ’ ಎಂಬುದರ ಬದಲು ‘ತಿನ್ನಿಸಬಹುದು’, ‘ಮಿತವಾಗಿ ತಿನ್ನಿಸಬಹುದು’, ‘ತಿನ್ನಿಸಬಾರದು’ ಎಂದು ಕ್ರಿಯಾಪದದಲ್ಲೇ ಹೇಳುವುದು ಮೇಲೆಂದು ನನಗೆ ತೋರುತ್ತದೆ.

ಮತ್ತೆ ಮೊದಲಿನ ಪದಕ್ಕೆ ಬರುತ್ತೇನೆ. ಪ್ಲಾಂಟಾಗೊ ಎಂಬ ಹೆಸರು ಅಂಗಾಲು ಎಂಬ ಅರ್ಥದ ಲ್ಯಾಟಿನ್ ಪದ ‘ಪ್ಲಾಂಟಾ’ದಿಂದ ಬಂದಿದೆ, ಎಲೆಯ ಆಕಾರಕ್ಕೆ ಅದು ಒಪ್ಪುತ್ತದೆ ಕೂಡ. ಅದನ್ನನುಸರಿಸಿ ‘ಅಂಗಾಲೆಲೆ’ ಎಂದು ಟಂಕಿಸುವ ಆಸೆಯಿದೆ. ಆದರೆ ಹೊಸ ಹೆಸರನ್ನು ಓದುಗರು ಬೇರೆಲ್ಲೂ ಹುಡುಕಿ ಖಚಿತಪಡಿಸಿಕೊಳ್ಳಲಾರರು ಎಂಬ ಕಾರಣಕ್ಕೆ ‘ಪ್ಲಾಂಟಾಗೊ’ ಎಂದೇ ಉಳಿಸುವತ್ತ ಮನಸ್ಸು ವಾಲುತ್ತಿದೆ. ಈ ಗಿಡಕ್ಕೆ ಆಡುಮಾತಿನಲ್ಲಿ ನೀವು ಕೇಳಿದ ಹೆಸರೇನಾದರೂ ಇದ್ದರೆ, ಅದೇ ಹೆಸರು ಬೇರೆ ಗಿಡಕ್ಕೂ ಸಲ್ಲುತ್ತದೆಯೇ ಎಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.