ಸಹಾಯ ಬೇಕು: ಕರಗ ನೋಡೋಕೆ ವಯಸ್ಸಾದವರನ್ನ ಎಲ್ಲಿ ಕೂರಿಸೋದು?

ಎಲ್ಲರಿಗೂ ನಮಸ್ಕಾರ. ಚೈತ್ರದಲ್ಲಿ ಅಪ್ಪ ಅಮ್ಮ ಹಾಸನದಿಂದ ಬೆಂಗಳೂರಿಗೆ ಬರ್ತಿದ್ದಾರೆ. ಟಿಕೆಟ್ ತಗೊಂಡು ಎಸಿ ಹಾಲ್‌ನಲ್ಲಿ ಕೂರೋದು ಅಂದ್ರೆ ಇಬ್ಬರಿಗೂ ಅಷ್ಟಕ್ಕಷ್ಟೇ, ಬೀದಿಯಲ್ಲಿ ನಡೆಯೋ ಉತ್ಸವಗಳೇ ಬೇಕು. ರಾಮನವಮಿ ಸಂಗೀತ ಕಚೇರಿಗಳ ಚಿಂತೆ ಇಲ್ಲ. ನಮ್ಮ ಬಡಾವಣೆಯ ಗುಡಿ ಪೆಂಡಾಲ್‌ನಲ್ಲೇ ಕುರ್ಚಿ ಹಾಕಿರ್ತಾರೆ, ಪಾನಕ ಕೋಸಂಬರಿಯೂ ಸಿಗುತ್ತೆ.

ತಲೆನೋವು ಇರೋದು ಕರಗ ಉತ್ಸವದ್ದು. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಡೋದೇ ಹುಣ್ಣಿಮೆ ರಾತ್ರಿ 12 ದಾಟಿದ ಮೇಲೆ. ಅಷ್ಟೊತ್ತಿಗೆ ಮೆಟ್ರೋ ಇರಲ್ಲ, ಪೇಟೆ ಗಲ್ಲಿಗಳಲ್ಲಿ ಕಾರು ಅಂತೂ ಕನಸಿನ ಮಾತು. ಅಪ್ಪನಿಗೆ ಮಂಡಿ ನೋವು, ತುಂಬಾ ಹೊತ್ತು ನಿಲ್ಲೋಕಾಗಲ್ಲ. ಆದ್ರೂ ಆ ಮಲ್ಲಿಗೆ ಕರಗ, ಸುತ್ತ ಕತ್ತಿ ಹಿಡಿದು ಓಡೋ ವೀರಕುಮಾರರು, ಇದನ್ನ ಟಿವಿಯಲ್ಲಿ ನೋಡು ಅಂದ್ರೆ ಕೇಳ್ತಾರಾ? ಕೇಳಲ್ಲ.

ಗುಡಿ ಮುಂದಿನ ನೂಕುನುಗ್ಗಲಿನ ಆಸೆ ಬಿಟ್ಟಿದ್ದೀನಿ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಕರಗ ಬಂದೇ ಬರುತ್ತೆ, ಹಾಗಾಗಿ ಅಲ್ಲೇ ಕಾಯೋಣ ಅಂತ ಯೋಚನೆ. ಆದ್ರೆ ಎಷ್ಟೊತ್ತಿಗೆ ಅಂತ ಪೇಟೆ ಅಂಗಡಿಯವರನ್ನ ಕೇಳಿದ್ರೆ ಒಬ್ಬರು ಮೂರು ಗಂಟೆ ಅಂತಾರೆ, ಇನ್ನೊಬ್ಬರು ಬೆಳಗಿನ ಜಾವ ಅಂತಾರೆ. ಯೂಟ್ಯೂಬ್ ವಿಡಿಯೋಗಳಲ್ಲಿ ಜನರ ತಲೆ ಬಿಟ್ಟು ಬೇರೇನೂ ಕಾಣಲ್ಲ.

ಹಿಂದೆ ಹೋಗಿ ನೋಡಿರೋರು ದಯವಿಟ್ಟು ಹೇಳಿ: ದರ್ಗಾದ ಹತ್ತಿರ ಮಡಚೋ ಕುರ್ಚಿ ಹಾಕ್ಕೊಂಡು ಕೂರೋಕೆ ಜಾಗ ಸಿಗುತ್ತಾ? ಸುಮಾರು ಎಷ್ಟೊತ್ತಿಗೆ ಅಲ್ಲಿರಬೇಕು? ಆಟೋ ಎಲ್ಲೀವರೆಗೆ ಬಿಡ್ತಾರೆ?