ಪೊಲೀಸರ ‘ಲೆಜಿಟಿಮಸಿ’ಗೆ ಕನ್ನಡದಲ್ಲಿ ಏನೆನ್ನಬೇಕು?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಪೊಲೀಸ್ ಸುಧಾರಣೆಗೆ ಸಂಬಂಧಿಸಿದ ಕೆಲವು ಬರಹಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದೇನೆ. ಅವುಗಳಲ್ಲಿ ಪುಟಪುಟಕ್ಕೂ ಎದುರಾಗುವ ‘ಲೆಜಿಟಿಮಸಿ’ (ಸ್ಥೂಲವಾಗಿ, ಅಧಿಕಾರವನ್ನು ಜನ ಸರಿಯೆಂದು ಒಪ್ಪುವಂತಿರುವುದು) ಎಂಬ ಪದಕ್ಕೆ ಸಾಮಾನ್ಯವಾಗಿ ಬಳಸುವ ಕನ್ನಡ ಪದಗಳೆಲ್ಲ ಈ ಸಂದರ್ಭದಲ್ಲಿ ಒಂದಲ್ಲ ಒಂದು ಕಡೆ ಕೈಕೊಡುತ್ತಿವೆ. ಪದವನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಹೋಗಬಹುದು. ಆದರೆ ಇವನ್ನು ಓದಬೇಕಾದವರು ಠಾಣೆಯಲ್ಲಿ ದುಡಿಯುವ ಕಾನ್‌ಸ್ಟೆಬಲ್‌ಗಳು ಮತ್ತು ಠಾಣೆಗೆ ದೂರು ತರುವ ಜನ. ಆ ಇಬ್ಬರ ನಡುವಿನ ಸಂಬಂಧವನ್ನು ವಿವರಿಸುವ ಮುಖ್ಯ ಪದವೇ ಇಬ್ಬರಿಗೂ ತಿಳಿಯದಂತಿದ್ದರೆ ಅನುವಾದ ಮಾಡಿಯೂ ಪ್ರಯೋಜನವಿಲ್ಲ. ಆದ್ದರಿಂದ ತೊಡಕನ್ನು ಸ್ವಲ್ಪ ವಿಸ್ತಾರವಾಗಿಯೇ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಬಳಕೆಯ ಸಂದರ್ಭ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಫರ್ಗುಸನ್ ಊರಿನಲ್ಲಿ ಮೈಕಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಜನಾಂಗದ ತರುಣ ಪೊಲೀಸ್ ಗುಂಡಿಗೆ ಬಲಿಯಾದ ಮೇಲೆ ದೇಶದಾದ್ಯಂತ ಪ್ರತಿಭಟನೆಗಳು ನಡೆದವು. ಅಧ್ಯಕ್ಷ ಒಬಾಮಾ ಅದೇ ವರ್ಷದ ಕೊನೆಯಲ್ಲಿ ಒಂದು ಕಾರ್ಯಪಡೆಯನ್ನು ನೇಮಿಸಿದರು. 2015ರಲ್ಲಿ ಬಂದ ಅದರ ವರದಿಯ ಆರು ಭಾಗಗಳಲ್ಲಿ ಮೊದಲನೆಯದರ ವಿಷಯವೇ ನಂಬಿಕೆ ಮತ್ತು ಲೆಜಿಟಿಮಸಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸ್ ಪಡೆಗಳನ್ನು ತಪಾಸಣೆ ಮಾಡುವ ಸಂಸ್ಥೆಯು 2014ರಲ್ಲಿ ಆರಂಭಿಸಿದ ವ್ಯವಸ್ಥೆಯಲ್ಲಿ ಪರಿಣಾಮ ಮತ್ತು ದಕ್ಷತೆಗಳ ಜೊತೆಗೆ ಲೆಜಿಟಿಮಸಿಯನ್ನೂ ಒಂದು ಅಳತೆಯಾಗಿ ಇಟ್ಟುಕೊಂಡಿತು. ಹೀಗಾಗಿ ನಮಗೆ ಬೇಕಾಗಿರುವುದು ವಿವರಣೆಯ ವಾಕ್ಯವಲ್ಲ. ತಪಾಸಣೆಯ ನಮೂನೆಯಲ್ಲಿ ಶೀರ್ಷಿಕೆಯಾಗಿ ನಿಲ್ಲಬಲ್ಲ, ‘ಕುಸಿಯಿತು’, ‘ಹೆಚ್ಚಿತು’ ಎಂಬ ಕ್ರಿಯಾಪದಗಳೊಂದಿಗೆ ಕೂಡಬಲ್ಲ ಒಂದು ನಾಮಪದ.

ಅರ್ಥದ ವಿಷಯಕ್ಕೆ ಬಂದರೆ, ಪೊಲೀಸರಿಗೆ ಕಾನೂನು ಅಧಿಕಾರ ಕೊಟ್ಟಿದೆಯೇ ಎಂಬುದು ಒಂದು ಪ್ರಶ್ನೆ. ಆ ಅಧಿಕಾರವನ್ನು ಚಲಾಯಿಸುವ ಹಕ್ಕು ಇವರಿಗೆ ನಿಜವಾಗಿ ಇದೆ, ಇವರ ಮಾತಿಗೆ ನಾವು ಕಟ್ಟುಬೀಳುವುದು ಸರಿ ಎಂದು ಅದಕ್ಕೆ ಒಳಪಡುವವರ ಮನಸ್ಸಿಗೆ ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅಮೆರಿಕದ ಮನೋವಿಜ್ಞಾನಿ ಟಾಮ್ ಟೈಲರ್ ಷಿಕಾಗೋದ ನಿವಾಸಿಗಳ ನಡುವೆ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು. ಜನ ಕಾನೂನಿಗೆ ನಡೆದುಕೊಳ್ಳುವುದರಲ್ಲಿ ಶಿಕ್ಷೆಯ ಭಯಕ್ಕಿಂತ ಈ ಭಾವನೆಯ ಪಾಲು ದೊಡ್ಡದು ಎಂದೂ, ಆ ಭಾವನೆ ಹುಟ್ಟುವುದು ಪ್ರಕರಣ ತಮ್ಮ ಪರವಾಗಿ ಮುಗಿಯಿತೇ ಎನ್ನುವುದಕ್ಕಿಂತ ಹೆಚ್ಚಾಗಿ ತಮ್ಮ ಮಾತನ್ನು ಕೇಳಿಸಿಕೊಂಡರೇ, ಪಕ್ಷಪಾತವಿಲ್ಲದೆ ನಡೆದುಕೊಂಡರೇ, ಮರ್ಯಾದೆಯಿಂದ ಕಂಡರೇ ಎಂಬುದರಿಂದ ಎಂದೂ ಅವರು ತೋರಿಸಿದರು. ನಮ್ಮ ಠಾಣೆಗಳ ಮಾತಿನಲ್ಲಿ ಹೇಳುವುದಾದರೆ, ಬಂದವರನ್ನು ಕೂರಿಸಿ ಮಾತನಾಡಿಸಿದರೇ, ‘ನೀನು’ ಎಂದರೇ ‘ನೀವು’ ಎಂದರೇ, ಬರೆದುಕೊಂಡ ಪ್ರಥಮ ವರ್ತಮಾನ ವರದಿಯನ್ನು (ಎಫ್‌ಐಆರ್) ಕಾನೂನು ಹೇಳುವಂತೆ ಓದಿ ತಿಳಿಸಿ ಪ್ರತಿಯನ್ನು ಉಚಿತವಾಗಿ ಕೈಗಿತ್ತರೇ, ಅಥವಾ ಪ್ರಕರಣ ದಾಖಲಿಸದೆ ಒಂದು ಹಿಂಬರಹ ಬರೆದುಕೊಟ್ಟು ಕಳುಹಿಸಿಬಿಟ್ಟರೇ ಎಂಬ ಸಂಗತಿಗಳು.

ಇನ್ನು ಸಿಕ್ಕ ಪದಗಳು. ‘ಕಾನೂನುಬದ್ಧತೆ’ ಮೇಲಿನ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ‘ಸಿಂಧುತ್ವ’ ಪ್ರಮಾಣಪತ್ರಗಳಿಗೆ ಸಲ್ಲುವ ಪದ. ‘ಮಾನ್ಯತೆ’ ಎಂದರೆ ಸರ್ಕಾರ ಮೇಲಿನಿಂದ ಶಾಲೆಗೋ ಸಂಸ್ಥೆಗೋ ಕೊಡುವಂಥದ್ದು. ಇಲ್ಲಿ ಕೊಡುವವರು ಕೆಳಗಿನ ಜನ. ‘ಸಕ್ರಮತೆ’ ಕೇಳಲು ಚೆನ್ನಾಗಿದ್ದರೂ, ಕರ್ನಾಟಕದಲ್ಲಿ ‘ಅಕ್ರಮ-ಸಕ್ರಮ’ ಎಂಬ ಜೋಡಿ ಜಮೀನು ಮತ್ತು ಕಟ್ಟಡಗಳ ವಿಷಯದಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ, ತಪ್ಪಾಗಿ ಆದದ್ದನ್ನು ಅರ್ಜಿ ಹಾಕಿ, ಶುಲ್ಕ ಕಟ್ಟಿ ಸರಿಮಾಡಿಸಿಕೊಳ್ಳುವುದು ಎಂಬ ಅರ್ಥವನ್ನು ಆ ಪದದಿಂದ ಬಿಡಿಸುವುದು ಈಗ ಸಾಧ್ಯವಿಲ್ಲ. ಪೊಲೀಸರ ಬಗ್ಗೆ ಅದನ್ನು ಬಳಸಿದರೆ ಅನರ್ಥವೇ ಆಗುತ್ತದೆ.

ಎಲ್ಲರೂ ಮೊದಲು ಸೂಚಿಸುವುದು ‘ನ್ಯಾಯಸಮ್ಮತತೆ’ಯನ್ನು. ಇದರ ತೊಂದರೆ ವಾಕ್ಯದೊಳಗೆ ಇಟ್ಟು ನೋಡಿದಾಗ ತಿಳಿಯುತ್ತದೆ. ‘ಮುಕ್ತ ಮತ್ತು ನ್ಯಾಯಸಮ್ಮತ ಚುನಾವಣೆ’ ಎಂಬ ರೂಢಿಯ ಮಾತಿನಲ್ಲಿ ಆ ಪದ ಈಗಾಗಲೇ ‘ಪಕ್ಷಪಾತವಿಲ್ಲದ’ ಎಂಬ ಅರ್ಥದಲ್ಲಿ ನೆಲೆನಿಂತಿದೆ. ಟೈಲರ್ ಅವರ ಇಡೀ ವಾದ ನಿಂತಿರುವುದು ಪಕ್ಷಪಾತವಿಲ್ಲದ ನಡವಳಿಕೆಯಿಂದ ಲೆಜಿಟಿಮಸಿ ಹುಟ್ಟುತ್ತದೆ ಎಂಬ ಕಾರ್ಯಕಾರಣ ಸಂಬಂಧದ ಮೇಲೆ. ಅದನ್ನು ‘ನ್ಯಾಯಸಮ್ಮತ ನಡವಳಿಕೆಯಿಂದ ನ್ಯಾಯಸಮ್ಮತತೆ ಬರುತ್ತದೆ’ ಎಂದು ಬರೆದರೆ ಕಾರಣವೂ ಕಾರ್ಯವೂ ಒಂದೇ ಆಗಿ, ವಾದವೇ ಕಾಣೆಯಾಗುತ್ತದೆ.

ನ್ಯಾಯದ ಕಡೆಯನ್ನು ಬಿಟ್ಟು ಜನರ ಕಡೆಯಿಂದ ಹೊರಟರೆ ‘ಜನಸಮ್ಮತಿ’, ‘ಜನಮನ್ನಣೆ’ ಸಿಗುತ್ತವೆ. ಇವಕ್ಕೆ ಚರಿತ್ರೆಯ ಬೆಂಬಲವೂ ಇದೆ: 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಸ್ಥಾಪಿಸಿದ ಪೊಲೀಸ್ ಪಡೆಯನ್ನು ಬ್ರಿಟಿಷರು ಇಂದಿಗೂ ವಿವರಿಸುವುದು ಜನರ ಸಮ್ಮತಿಯಿಂದ ನಡೆಯುವ ಪೊಲೀಸ್ ಎಂದೇ. ಆದರೆ 2019ರ ಡಿಸೆಂಬರ್ 6ರಂದು ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ, ಅದೇ ಪೊಲೀಸರ ಮೇಲೆ ಜನ ಹೂವಿನ ಎಸಳುಗಳನ್ನು ಸುರಿದದ್ದು ನಮ್ಮೆಲ್ಲರ ನೆನಪಿನಲ್ಲಿದೆ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂದಾಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂದು ಅದು ಹೇಳಿತು. ಆ ದಿನ ಜನಸಮ್ಮತಿಗೂ ಜನಮನ್ನಣೆಗೂ ಕೊರತೆ ಇರಲಿಲ್ಲ. ಅದನ್ನು ಲೆಜಿಟಿಮಸಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಈ ವಿಷಯವನ್ನು ಕಲಿಸುವ ಯಾರೂ ಒಪ್ಪಬಾರದು ಎಂದೇ ನನ್ನ ನಂಬಿಕೆ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಉತ್ತರ ಐರ್ಲೆಂಡ್. ಅಲ್ಲಿನ ರಾಯಲ್ ಅಲ್‌ಸ್ಟರ್ ಕಾನ್‌ಸ್ಟಾಬ್ಯುಲರಿ 1922ರಲ್ಲಿ ಶಾಸನಬದ್ಧವಾಗಿಯೇ ರಚನೆಯಾದ ಪಡೆ. ಅದರ ಕಾನೂನುಬದ್ಧತೆಗೆ ಕುಂದು ಇರಲಿಲ್ಲ. ಆದರೆ ಜನಸಂಖ್ಯೆಯಲ್ಲಿ ಬಹು ದೊಡ್ಡ ಪಾಲಿದ್ದ ಕ್ಯಾಥೊಲಿಕರು 1990ರ ದಶಕದ ಕೊನೆಗೂ ಆ ಪಡೆಯಲ್ಲಿ ಶೇ 8ರಷ್ಟೇ ಇದ್ದರು. ಅವರಲ್ಲಿ ಬಹಳ ಮಂದಿಗೆ ಅದು ತಮ್ಮ ಪೊಲೀಸ್ ಆಗಿರಲಿಲ್ಲ. 1998ರ ಶಾಂತಿ ಒಪ್ಪಂದದಂತೆ ರಚನೆಯಾದ ಕ್ರಿಸ್ ಪ್ಯಾಟನ್ ಆಯೋಗ 1999ರಲ್ಲಿ 175 ಶಿಫಾರಸುಗಳನ್ನು ಮಾಡಿತು. 2001ರಲ್ಲಿ ಪಡೆಯ ಹೆಸರು ಬದಲಾಯಿತು, ಲಾಂಛನ ಬದಲಾಯಿತು, ಹೊಸ ನೇಮಕಾತಿಯಲ್ಲಿ ಅರ್ಧದಷ್ಟು ಕ್ಯಾಥೊಲಿಕರು ಎಂಬ ನಿಯಮ ಬಂತು. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ಪೊಲೀಸರಿಗೆ ಸೇರದ ಒಂಬುಡ್ಸ್‌ಮನ್ ಕಚೇರಿ ಅದಕ್ಕೂ ಒಂದು ವರ್ಷ ಮೊದಲೇ ಕೆಲಸ ಆರಂಭಿಸಿತ್ತು. 2011ರಲ್ಲಿ ನೇಮಕಾತಿಯ ನಿಯಮ ಮುಗಿಯುವ ಹೊತ್ತಿಗೆ ಕ್ಯಾಥೊಲಿಕರ ಪಾಲು ಸುಮಾರು ಶೇ 30ಕ್ಕೆ ಏರಿತ್ತು. ಕಾನೂನಿನ ಅಧಿಕಾರ ಮೊದಲೂ ಇತ್ತು, ಆಮೇಲೂ ಇತ್ತು. ಈ ನಡುವೆ ಬದಲಾದದ್ದು ಏನೋ, ಅದಕ್ಕೇ ನಾವು ಪದ ಹುಡುಕುತ್ತಿದ್ದೇವೆ.

ಈ ಉದಾಹರಣೆ ನಮಗೆ ದೂರದ್ದೂ ಅಲ್ಲ. ಅಲ್‌ಸ್ಟರ್‌ನ ಪಡೆ ಹುಟ್ಟಿದ್ದು ಹಳೆಯ ಐರಿಷ್ ಕಾನ್‌ಸ್ಟಾಬ್ಯುಲರಿಯಿಂದ. ಅದೇ ಹಳೆಯ ಪಡೆಯ ಮಾದರಿಯನ್ನು, ಅಂದರೆ ಶಸ್ತ್ರಧಾರಿಗಳಾಗಿ, ಬ್ಯಾರಕ್ಕುಗಳಲ್ಲಿ ಇದ್ದು, ಊರಿನವರಿಗಲ್ಲ, ಆಳುವವರಿಗೆ ಉತ್ತರ ಕೊಡುವ ಮಾದರಿಯನ್ನು ಬ್ರಿಟಿಷ್ ಸೇನಾಧಿಕಾರಿ ಚಾರ್ಲ್ಸ್ ನೇಪಿಯರ್ 1843ರ ನಂತರ ಸಿಂಧ್ ಪ್ರಾಂತಕ್ಕೆ ತಂದ. ಭಾರತದ 1861ರ ಪೊಲೀಸ್ ಕಾಯ್ದೆಯೂ ಲಂಡನ್ನಿನ ಪೀಲ್ ಮಾದರಿಗಿಂತ ಇದಕ್ಕೇ ಹತ್ತಿರವಾಗಿತ್ತು. ಹಾಗೆ ಕಟ್ಟಿದ ಪೊಲೀಸರನ್ನು ಅವರನ್ನು ಕಟ್ಟಿದ ಕಾನೂನೇ ಪೂರ್ತಿ ನಂಬಲಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಬಲದ ನೆರಳಿನಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂಬ ತಿಳಿವಳಿಕೆ ಈ ಕಲಮಿನ ಹಿಂದಿದೆ.

ಈ ‘ಒಪ್ಪು’ ಧಾತುವೇ ನನಗೆ ದಾರಿ ತೋರಿಸುವಂತೆ ಕಾಣುತ್ತಿದೆ. ‘ನಾನು ಇದನ್ನು ಒಪ್ಪುತ್ತೇನೆ’ ಎಂದಾಗ ಅದು ಸಮ್ಮತಿ. ‘ಈ ಮಾತು ನಿಮ್ಮಂಥವರಿಗೆ ಒಪ್ಪುವುದಿಲ್ಲ’ ಎಂದಾಗ ಅದು ಔಚಿತ್ಯ, ತಕ್ಕುದಾಗಿರುವುದು. ‘ಒಪ್ಪ ಓರಣ’ದಲ್ಲಿ ಇರುವುದೂ ಈ ಎರಡನೆಯ ಅರ್ಥವೇ. ಶಾಸನಗಳ ಕೊನೆಯಲ್ಲಿ ಬರುವ ‘ಒಪ್ಪ’ ಸಹಿ ಅಥವಾ ಅಂಕಿತ ಎಂಬ ಅರ್ಥದ್ದು. ಊರವರು ತಮ್ಮ ಒಪ್ಪ ಹಾಕಿದ್ದರಿಂದ ಒಪ್ಪಂದಕ್ಕೆ ಬಲ ಬರುತ್ತಿತ್ತು. ಲೆಜಿಟಿಮಸಿಯಲ್ಲಿ ಬೇಕಾದದ್ದು ಸಮ್ಮತಿ, ಔಚಿತ್ಯ ಈ ಎರಡೂ ಸೇರಿದ ಅರ್ಥ: ಜನ ಒಪ್ಪಬೇಕು, ಮತ್ತು ಅಧಿಕಾರದ ನಡೆ ಆ ಅಧಿಕಾರಕ್ಕೆ ಒಪ್ಪುವಂತಿರಬೇಕು. ಹೂವಿನ ಎಸಳು ಬಿದ್ದ ದಿನ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಆದ್ದರಿಂದ ‘ಒಪ್ಪಿಗೆ’ ಸಾಲದು, ಅದು ಸಮ್ಮತಿಗೆ ಮೀಸಲಾಗಿದೆ. ‘ಒಪ್ಪಿತ ಅಧಿಕಾರ’ವೂ ಅತ್ತಲೇ ವಾಲುತ್ತದೆ. ‘ಒಪ್ಪುವ ಅಧಿಕಾರ’ ಎಂದರೆ ಎರಡು ಅರ್ಥಗಳೂ ಉಳಿಯುತ್ತವೆ, ಆದರೆ ಅದು ನಾಮಪದದಂತೆ ಸಲೀಸಾಗಿ ನಡೆಯುವುದಿಲ್ಲ. ‘ಒಪ್ಪುತನ’ ಎಂದು ಮಾಡಿ, ‘ಪೊಲೀಸರ ಒಪ್ಪುತನ ಕುಸಿದಿದೆ’, ‘ನಿಷ್ಪಕ್ಷ ನಡವಳಿಕೆಯಿಂದ ಒಪ್ಪುತನ ಬೆಳೆಯುತ್ತದೆ’ ಎಂದು ಬರೆದು ನೋಡಿದೆ. ಎರಡನೆಯ ವಾಕ್ಯದಲ್ಲಿ ಕಾರ್ಯವೂ ಕಾರಣವೂ ಬೇರೆಬೇರೆಯಾಗಿ ನಿಲ್ಲುವುದು ನನಗೆ ಸಮಾಧಾನ ತಂದಿದೆ.

ಜೊತೆಯ ಪದವಾದ ‘ಟ್ರಸ್ಟ್’ ಬಗ್ಗೆ ಒಂದು ಮಾತು. ‘ಸಾರ್ವಜನಿಕ ವಿಶ್ವಾಸ’ ಎಂದು ಬರೆಯುವುದು ಈಗ ರೂಢಿ. ಕನ್ನಡದಲ್ಲಿ ವಿಶ್ವಾಸಕ್ಕೆ ಸ್ನೇಹ, ಸಲಿಗೆ ಎಂಬ ಅರ್ಥವೂ ಗಟ್ಟಿಯಾಗಿದೆ. ‘ಅವರು ಇನ್‌ಸ್ಪೆಕ್ಟರಿಗೆ ಬಹಳ ವಿಶ್ವಾಸದವರು’ ಎಂದರೆ ಠಾಣೆಯಲ್ಲಿ ಅವರ ಮಾತು ನಡೆಯುತ್ತದೆ ಎಂದೇ ತಿಳಿಯುತ್ತೇವೆ. ಠಾಣೆಗೆ ಹೋಗುವ ಮುನ್ನ ‘ಪರಿಚಯದವರು ಯಾರಾದರೂ ಇದ್ದಾರೆಯೇ’ ಎಂದು ವಿಚಾರಿಸುವ ನಮ್ಮ ಊರುಗಳಲ್ಲಿ, ಪರಿಚಯದವರು ಯಾರೂ ಇಲ್ಲದಿದ್ದರೂ ದೂರು ದಾಖಲಾಗುತ್ತದೆ ಎಂಬ ಧೈರ್ಯವೇ ‘ಟ್ರಸ್ಟ್’ನ ಅರ್ಥ. ವಚನಗಳಲ್ಲಿ ‘ನಂಬು’ವಿನ ಜೊತೆಗೆ ಬರುವ ‘ನಚ್ಚು’ ಇದಕ್ಕೆ ಬಹಳ ಹತ್ತಿರದ್ದು, ಆದರೆ ‘ನೆಚ್ಚಿನ ನಟ’ ಎಂಬ ಬಳಕೆಯಿಂದ ಅದು ಮೆಚ್ಚುಗೆಯ ಕಡೆಗೆ ಸರಿದಿದೆ. ಹಾಗಾಗಿ ಸರಳವಾದ ‘ನಂಬಿಕೆ’ಯನ್ನೇ ಉಳಿಸಿಕೊಂಡಿದ್ದೇನೆ.

ತಿಳಿದವರಲ್ಲಿ ನನ್ನ ಕೋರಿಕೆ ಇಷ್ಟು. ‘ಒಪ್ಪು’ ಧಾತುವಿನ ‘ತಕ್ಕುದಾಗಿರು’ ಎಂಬ ಅರ್ಥ ನನ್ನ ಮೈಸೂರು ಕಡೆಯ ಮಾತಿನಲ್ಲಿ ಇನ್ನೂ ಜೀವಂತವಾಗಿದೆ. ಧಾರವಾಡ, ಕಲಬುರಗಿ, ಕರಾವಳಿಗಳ ಆಡುಮಾತಿನಲ್ಲಿಯೂ ಹಾಗೆಯೇ ಇದೆಯೇ, ಅಥವಾ ಅಲ್ಲಿನವರಿಗೆ ‘ಒಪ್ಪುತನ’ ಎಂದರೆ ಬರೀ ಸಮ್ಮತಿಯಷ್ಟೇ ಕೇಳಿಸುತ್ತದೆಯೇ? ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಮಾಡಿದವರು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅವರ ಅಧಿಕಾರದ ವಿಂಗಡಣೆಯನ್ನು ವಿವರಿಸುವಾಗ ಲೆಜಿಟಿಮಸಿಗೆ ಯಾವ ಪದ ಬಳಸಿದ್ದೀರಿ, ಮತ್ತು ಅದು ವಿದ್ಯಾರ್ಥಿಗಳಿಗೆ ‘ಕಾನೂನುಬದ್ಧ’ಕ್ಕಿಂತ ಬೇರೆಯಾಗಿ ತಿಳಿಯಿತೇ? ಪೊಲೀಸ್ ತರಬೇತಿ ಶಾಲೆಗಳಲ್ಲಿ ಕನ್ನಡದಲ್ಲಿ ಬೋಧಿಸುವವರು ಯಾರಾದರೂ ಇಲ್ಲಿದ್ದರೆ, ‘ಒಪ್ಪುತನ’ವನ್ನು ತರಗತಿಯಲ್ಲಿ ಒಮ್ಮೆ ಹೇಳಿ ನೋಡಿ, ಹೊಸದಾಗಿ ಸೇರಿದವರು ಅದನ್ನು ಹೇಗೆ ಅರ್ಥಮಾಡಿಕೊಂಡರು ಎಂದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.